ರಸ್ತೆ ಪರದೆ ಮುಂದೆ 42 ನಿಮಿಷ

ಪ್ರಕರಣವನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು. ದಾವಣಗೆರೆಯ ಹಿರಿಯ ಹಾಸ್ಯ ಕಲಾವಿದರೊಬ್ಬರು ಟಿವಿ ಸಂದರ್ಶನದಲ್ಲಿ ತಮ್ಮ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ನೋಡಿದವರು ಕಣ್ಣೊರೆಸಿಕೊಂಡರು, ಹೊಗಳಿದರು. ಮನೆಯಲ್ಲಿ ಹೆಂಡತಿ ಹದಿನೇಳು ದಿನ ಮಾತು ಬಿಟ್ಟರು. ಮಗಳು ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬರಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳಾಗಿದ್ದರೆ ಒಂದು ಸ್ಪಷ್ಟನೆ ಹಾಕಿಸಿ ಮುಗಿಸಬಹುದಿತ್ತು.

ಇದನ್ನು ನಾನು ಹೊರಗೆ ನಿಂತು ಬರೆಯುತ್ತಿಲ್ಲ. ಆಗ ಬೆಂಗಳೂರಿನ ಒಂದು ವಾಹಿನಿಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅತಿಥಿಗಳನ್ನು ಹುಡುಕಿಕೊಡುವ ಕೆಲಸ ನನ್ನದು. ಅವರ ಹೆಸರು ಸೂಚಿಸಿದವನು ನಾನು. ಮನೆಗೆ ಹೋಗಿ ಮೊದಲ ಮಾತುಕತೆ ರೆಕಾರ್ಡ್ ಮಾಡಿಕೊಂಡವನು, ನಿರೂಪಕಿಯ ಕೈಗೆ ಹೋದ ಪ್ರಶ್ನೆಪಟ್ಟಿ ಬರೆದವನು ಎರಡೂ ನಾನೇ. ಈಗ ಪತ್ರಿಕೋದ್ಯಮದ ಹುಡುಗರಿಗೆ ಪಾಠ ಮಾಡುತ್ತೇನೆ. ಸಂದರ್ಶನ ಮಾಡುವುದು ಹೇಗೆ ಎಂಬ ಪಾಠ ಬಂದಾಗಲೆಲ್ಲ ಇದೇ ಪ್ರಕರಣ ಎದುರು ನಿಲ್ಲುತ್ತದೆ.

ಹೆಸರುಗಳು ಬೇಡ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅವರ ಓಣಿಯಲ್ಲಿ ಎಲ್ಲರೂ ಅವರನ್ನು ಮಾಮ ಅಂತಾರೆ, ಅವರ ಹೆಂಡತಿಯನ್ನು ಅಕ್ಕ ಅಂತಾರೆ. ಸಂಬಂಧದ ಲೆಕ್ಕ ಕೂಡಿ ಬರುವುದಿಲ್ಲ, ಯಾರಿಗೂ ಅದರ ಚಿಂತೆಯಿಲ್ಲ. ನಾನೂ ಹಾಗೇ ಕರೆಯುತ್ತೇನೆ.

ಸುತ್ತಿಗೆ ಸದ್ದು

ಮಾಮ ಜಗಳೂರು ಕಡೆಯವರು. ಹದಿನಾರನೇ ವಯಸ್ಸಿಗೆ ನಾಟಕ ಕಂಪನಿ ಸೇರಿ ಮೊದಲೆರಡು ವರ್ಷ ಪರದೆ ಎಳೆದರು. ಹಾಸ್ಯದ ಪಾತ್ರಧಾರಿಗೆ ಜ್ವರ ಬಂದ ಒಂದು ರಾತ್ರಿ ಮುಖಕ್ಕೆ ಬಣ್ಣ ಹಚ್ಚಿದ್ದು, ಮತ್ತೆ ನಲವತ್ತು ವರ್ಷ ತೊಳೆಯಲಿಲ್ಲ. ನಡುವೆ ಹತ್ತಾರು ಸಿನಿಮಾಗಳಲ್ಲಿ ಎರಡು ಮಾತಿನ, ಮೂರು ಮಾತಿನ ಪಾತ್ರ. ನಮ್ಮ ಕಡೆ ಹಾಸ್ಯನಟ ಎಂದರೆ ಜನ ಹೊಳಲ್ಕೆರೆಯಿಂದ ಹೋದ ಬ್ಯಾಂಕ್ ಜನಾರ್ಧನ್ ಅವರನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ಆ ಅಳತೆಗೆ ಮಾಮ ಸಿಗುವುದಿಲ್ಲ. ಅವರೇ ಅನ್ನುವ ಹಾಗೆ, ‘ನಾನು ಸಿನಿಮಾದಾಗೆ ಇದೀನಿ. ನೀರು ಕುಡಿಯಾಕೆ ಎದ್ದು ಹೋದ್ರೆ ತಪ್ಪಿಸ್ಕಂತೀನಿ.’

ಕಂಪನಿ ನಾಟಕಕ್ಕೂ ದಾವಣಗೆರೆಗೂ ಇರುವ ನಂಟನ್ನು ಊರಿನವರಿಗೆ ಹೇಳಬೇಕಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿನದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ಅವರು ತೀರಿಕೊಂಡರು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ರಂಗಾಯಣ ಕೊಟ್ಟಿರುವುದೂ ಈ ಊರಿಗೇ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ತಗಡಿನ ಥೇಟರು ಎದ್ದು ನಿಲ್ಲುತ್ತದೆ, ಆಟೋದಲ್ಲಿ ಮೈಕು ಕೂಗುತ್ತದೆ. ಬಾದಾಮಿಯ ಬನಶಂಕರಿ, ಶಿರಸಿಯ ಮಾರಿಕಾಂಬೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ: ಕಂಪನಿಯವರ ಪಂಚಾಂಗದಲ್ಲಿ ತಿಂಗಳುಗಳಿಗೆ ಜಾತ್ರೆಗಳದೇ ಹೆಸರು.

ಹಾಸ್ಯಗಾರನಿಗೆ ಕಂಪನಿಯಲ್ಲಿರುವ ಜಾಗ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಗುಬ್ಬಿ ವೀರಣ್ಣನವರು ಅಷ್ಟು ದೊಡ್ಡ ಕಂಪನಿಯ ಮಾಲೀಕರಾಗಿಯೂ ಹಾಸ್ಯದ ಪಾತ್ರವನ್ನು ತಾವೇ ಇಟ್ಟುಕೊಂಡಿದ್ದರು. ನರಸಿಂಹರಾಜು, ಬಾಲಕೃಷ್ಣ ಸಿನಿಮಾಕ್ಕೆ ಬಂದದ್ದು ಕಂಪನಿಗಳಿಂದಲೇ. ಜನರನ್ನು ನಗಿಸುವುದು ಆ ಜಾಗದ ಒಂದು ಕೆಲಸ ಮಾತ್ರ. ಇನ್ನೊಂದನ್ನು ಮಾಮ ನನಗೆ ಬಿಡಿಸಿ ಹೇಳಿದರು:

‘ಹಿಂದೆ ದರ್ಬಾರ್ ಸೀನ್ ಕಟ್ತಿರ್ತಾರೆ ಸಾರ್. ಮೊಳೆ ಹೊಡಿತಾರೆ, ಕಂಬ ಎಳಿತಾರೆ. ಮುಂದೆ ರಸ್ತೆ ಪರದೆ ಬಿಟ್ಟಿರ್ತಾರೆ, ಅದ್ರ ಮುಂದೆ ನಾವು. ಆ ಸುತ್ತಿಗೆ ಸದ್ದು ಜನಕ್ಕೆ ಕೇಳಬಾರ್ದು, ಅದಕ್ಕೇ ನಮ್ಮನ್ನ ನಿಲ್ಸೋದು. ಸದ್ದು ಜಾಸ್ತಿ ಆತು ಅಂದ್ರೆ ನಗೆ ಜಾಸ್ತಿ ಬೇಕು. ಸೀನು ರೆಡಿ ಆದ್ರೆ ವಿಂಗಿನಾಗೆ ಸೀಟಿ ಹೊಡಿತಾರೆ. ಸೀಟಿ ಬರೋತನಕ ನಾವು ಬಾಯಿ ಮುಚ್ಚಂಗಿಲ್ಲ. ಬರ್ದಿದ್ದ ಮಾತು ಮುಗಿದು ಹೋಗಿರ್ತಾವೆ, ಇನ್ನು ಬಾಯಿಗೆ ಬಂದಿದ್ದೇ ಮಾತು.’

ಈ ‘ಬಾಯಿಗೆ ಬಂದಿದ್ದು’ ಎಂಬಲ್ಲಿ ಪ್ರಕರಣದ ಬೇರಿದೆ.

ಅಕ್ಕ ಗುಳೇದಗುಡ್ಡದ ಕಡೆಯವರು. ಕಂಪನಿಗೆ ನಾಯಕಿ ಪಾತ್ರಕ್ಕೆ ಬಂದವರು. ಮಗಳು ಹುಟ್ಟಿದ ಮೇಲೆ ಮೈ ದಪ್ಪವಾಯಿತು; ಮಾಲೀಕರು ನಾಯಕಿಯ ಸೀರೆ ಬೇರೆಯವರಿಗೆ ಕೊಟ್ಟು ಇವರನ್ನು ಹಾಸ್ಯದ ಜೋಡಿ ಮಾಡಿದರು. ಗಂಡ ಹೆಂಡತಿ ಇಬ್ಬರೂ ರಸ್ತೆ ಪರದೆ ಮುಂದೆ. ವಿಡಿಯೊ, ಟಿವಿ ಬಂದು ಕಲೆಕ್ಷನ್ ಇಳಿಯುತ್ತಿದ್ದ ಕಾಲ. ಎರಡರ್ಥದ ಮಾತಿಗೆ ಸಿಳ್ಳೆ ಬೀಳುತ್ತದೆ ಎಂದು ಎಲ್ಲ ಕಂಪನಿಗಳೂ ಕಂಡುಕೊಂಡಿದ್ದವು. ಸುತ್ತಿಗೆ ಸದ್ದು ಜೋರಾದಾಗಲೆಲ್ಲ ಮಾಮನ ಬಾಯಿಗೆ ಬಂದದ್ದು ಪಕ್ಕದಲ್ಲಿ ನಿಂತವಳ ಮೈ. ಹನ್ನೊಂದು ವರ್ಷ.

ಮಂಡಕ್ಕಿ ಭಟ್ಟಿಯ ಮನೆ

ನಾನು ಅವರ ಮನೆಗೆ ಹೋದದ್ದು ಒಂದು ಜಾತ್ರೆ ವರ್ಷದ ಬೇಸಿಗೆಯಲ್ಲಿ. ಮಂಡಕ್ಕಿ ಭಟ್ಟಿಗಳ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ಗೋಡೆ, ಒಣಹಾಕಿದ ಬಟ್ಟೆ, ಎಲ್ಲಕ್ಕೂ ಭಟ್ಟಿಯ ಹೊಗೆಯ ವಾಸನೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಹಳೆಯ ಸೀರೆ ಕಟ್ಟಿದ್ದರು. ಮಾಮ ಚಾಪೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಒಳಗೆ ಅಕ್ಕ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ನಾನು ಫೋನನ್ನು ಸ್ಟೀಲ್ ಡಬ್ಬಿಯ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಒಟ್ಟು 73 ನಿಮಿಷ.

ವಾಹಿನಿಯವರು ನನಗೆ ಹೇಳಿ ಕಳಿಸಿದ್ದು ಒಂದೇ ಮಾತು: ನಗಿಸುವವರು ತುಂಬ ಜನ ಸಿಗುತ್ತಾರೆ, ನಗುವಿನ ಹಿಂದಿನ ನೋವು ಬೇಕು. ಹಾಗಾಗಿ ಎಲ್ಲರೂ ಕೇಳುವುದನ್ನೇ ಕೇಳಿದೆ. ಮನೆಯಲ್ಲಿ ಸಾವಾದ ದಿನವೂ ಬಣ್ಣ ಹಚ್ಚಿ ನಗಿಸಿದ್ದುಂಟಾ?

ಮಾಮ ಈರುಳ್ಳಿಯಿಂದ ಕಣ್ಣೆತ್ತಲಿಲ್ಲ. ‘ಇದನ್ನ ಕೇಳ್ತೀರಿ ಅಂತ ಗೊತ್ತಿತ್ತು. ಇಲ್ಲ ಸಾರ್. ನಮ್ಮಪ್ಪ ಹೋದ ಅಂತ ತಂತಿ ಬಂತು, ಮಾಲೀಕರು ನೂರು ರೂಪಾಯಿ ಕೊಟ್ಟು ತಾವೇ ಬಸ್ ಹತ್ತಿಸಿದ್ರು. ಮೂರು ದಿನ ರಜೆ. ನನ್ನ ಪಾತ್ರ ಕಾಲ್ಪೆಟ್ಟಿಗೆ ಹಾರ್ಮೋನಿಯಂ ನುಡಿಸೋ ಮಾಸ್ತರು ಮಾಡಿದ್ರು. ನನಗಿಂತ ಚಲೋ ಮಾಡಿದ್ರಂತೆ. ದುಃಖ ಅಂದ್ರೆ ಅದೇ ನೋಡ್ರಿ.’

ನಾನು ಬಿದ್ದು ಬಿದ್ದು ನಕ್ಕೆ. ರೆಕಾರ್ಡಿಂಗಿನಲ್ಲಿ ನನ್ನ ನಗು ಅವರ ಮುಂದಿನ ಮಾತನ್ನೇ ನುಂಗಿದೆ. ನಕ್ಕು ಮುಗಿದ ಮೇಲೆ ವಾಹಿನಿಯ ಮಾತು ನೆನಪಾಗಿ ಮತ್ತೆ ಕೆದಕಿದೆ. ಹಾಗಾದರೆ ಮರೆಯಲಾಗದಂಥದ್ದು ಯಾವುದು ಮಾಮ?

ಈ ಸಲ ಅವರು ಚಾಕು ಕೆಳಗಿಟ್ಟರು. ದನಿ ತಗ್ಗಿಸಿ ಬನಶಂಕರಿ ಕ್ಯಾಂಪಿನ ಒಂದು ರಾತ್ರಿಯ ಕತೆ ಹೇಳಿದರು. ಆ ದಿನ ಅಕ್ಕನ ಅಣ್ಣ ಊರಿಂದ ನಾಟಕ ನೋಡಲು ಬಂದಿದ್ದ. ಬಣ್ಣ ಹಚ್ಚಿಕೊಳ್ಳುವಾಗ ಅಕ್ಕ ಕೇಳಿಕೊಂಡರಂತೆ, ‘ಇವತ್ತೊಂದಿನ ಆ ಮಾತು ಬ್ಯಾಡ, ನಮ್ಮಣ್ಣ ಮುಂದಿನ ಸಾಲಿನ್ಯಾಗ ಕುಂತಾನ.’ ಮಾಮ ಹೂಂ ಅಂದಿದ್ದರು. ಆದರೆ ಜಾತ್ರೆ ಜನ, ಥೇಟರು ತುಂಬಿತ್ತು, ಹಿಂದೆ ಸೀನು ಸಿಕ್ಕಿಕೊಂಡಿತ್ತು, ಸೀಟಿ ಬರಲೇ ಇಲ್ಲ. ಆ ಮಾತನ್ನೂ ಆಡಿದರು, ಅದಕ್ಕೆ ಇನ್ನೆರಡು ಸೇರಿಸಿಯೂ ಆಡಿದರು. ಒನ್ಸ್ ಮೋರ್ ಬಿತ್ತು. ಅಣ್ಣ ಎದ್ದು ಹೋದ. ಮತ್ತೆ ಅವರ ಮನೆ ಮೆಟ್ಟಿಲು ಹತ್ತಲಿಲ್ಲ.

ಆ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ವಾಹಿನಿಯವರು ಅದನ್ನೂ ಕೇಳಿದ್ದರು.

ಇದಾದ ಮೇಲೆ ಮಾಮ ಇನ್ನೊಂದು ಘಟನೆ ಹೇಳಿದರು. ಪ್ರಕರಣದ ತೂಕವೆಲ್ಲ ಇದರಲ್ಲೇ ಇದೆ ಎಂದು ನನಗೆ ಹೊಳೆದದ್ದು ತೀರ ತಡವಾಗಿ. ಬನಶಂಕರಿಯಿಂದ ಕಂಪನಿ ಮುಂದಿನ ಊರಿಗೆ ಹೋಯಿತು. ಒಂದು ವಾರ ಅಕ್ಕ ಎಂದಿನಂತೆ ನಿಂತರು. ಎಂಟನೇ ದಿನ ಮಾಮ ತಮ್ಮ ಮಾಮೂಲಿ ಮಾತು ತೆಗೆದರು, ‘ಇವಳನ್ನ ಕಟ್ಕಂಡ ಮೇಲೆ ಮನೆ ಬಾಗ್ಲು ಎಲ್ಡು ಸಲ ಅಗಲ ಮಾಡಿಸಿದೆ ಕಣ್ರಪ್ಪೋ.’ ಇಲ್ಲಿ ಅಕ್ಕ ಸೆರಗು ಮುಚ್ಚಿಕೊಂಡು ನಾಚಬೇಕು. ಅವತ್ತು ನಾಚಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಜನರ ಕಡೆ ತಿರುಗಿ ಅಂದರು:

‘ಬಾಗಲಾ? ಮನಿ ಎಲ್ಲೈತ್ರೀ ನಮಗ? ಹತ್ತು ವರ್ಷಾತು, ತಗಡಿನ ಥೇಟರಿನ್ಯಾಗ ಸಂಸಾರ ಮಾಡಾಕ ಹತ್ತೀನಿ. ಮೊದಲ ಮನಿ ಕಟ್ಟೋ, ಆಮ್ಯಾಗ ಬಾಗಲ ಅಗಲ ಮಾಡಸೀಯಂತ!’

ಥೇಟರು ಹಾರಿಹೋಗುವಂಥ ನಗು. ಹೆಂಗಸರ ಕಡೆಯಿಂದ ಸಿಳ್ಳೆ. ಮಾಮನಿಗೆ ಮುಂದಿನ ಮಾತು ಹುಟ್ಟಲಿಲ್ಲ. ‘ಹಿಂದೆ ಇನ್ನೂ ಮೊಳೆ ಹೊಡಿತಾನೇ ಇದ್ರು ಸಾರ್. ನನ್ನ ಬಾಯಿ ಒಣಗಿ ಹೋಗಿತ್ತು. ಸೀಟಿ ಬರೋತನಕ ಅವಳೇ ನಡೆಸಿದ್ಲು. ಅವತ್ತಿಂದ ಆ ಮಾತು ಬಿಟ್ಟೆ. ನಾನು ಬಿಟ್ಟೆ ಅನ್ನೋದಕ್ಕಿಂತ ಅವಳು ಬಿಡಿಸಿದ್ಲು.’

ನನ್ನ ಪ್ರಶ್ನೆಪಟ್ಟಿಯಲ್ಲಿ ಬನಶಂಕರಿ ರಾತ್ರಿ ಏಳನೇ ಪ್ರಶ್ನೆಯಾಯಿತು, ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ. ಬಾಗಿಲಿನ ಕತೆ ಹನ್ನೆರಡನೆಯದು, ‘ಸಮಯ ಇದ್ದರೆ’ ಎಂಬ ಟಿಪ್ಪಣಿಯೊಂದಿಗೆ.

ಹೊರಡುವಾಗ ಒಂದು ಹಳೇ ಫೋಟೊ ಇದ್ದರೆ ಕೊಡಿ ಎಂದೆ. ಮಾಮ ಟ್ರಂಕಿನಿಂದ ಹಾಸ್ಯದ ವೇಷದಲ್ಲಿದ್ದ ಅಕ್ಕನ ಫೋಟೊ ತೆಗೆದುಕೊಟ್ಟರು. ಅಕ್ಕ ತಟ್ಟೆಯಲ್ಲಿ ಮಂಡಕ್ಕಿ, ಬಿಸಿ ಬಜ್ಜಿ ತಂದಿಟ್ಟರು. ನಾನು ತಿಂದೆ. ಅವರನ್ನು ಒಂದು ಮಾತೂ ಕೇಳಲಿಲ್ಲ.

ಸ್ಟುಡಿಯೋ

ಬೆಳಗಿನ ರೈಲಿಗೆ ಮಾಮ ಒಬ್ಬರೇ ಬಂದರು. ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ಒಂದು ಹಾಳೆ, ಇಂಗ್ಲಿಷಿನಲ್ಲಿ. ಮಾಮ ಓದಲಿಲ್ಲ, ನಾನೂ ಓದಿ ಹೇಳಲಿಲ್ಲ. ಕನ್ನಡದಲ್ಲಿ ದುಂಡಗೆ ಸಹಿ ಹಾಕಿ, ‘ಕಂಪನಿ ಅಡ್ವಾನ್ಸ್ ಪತ್ರಕ್ಕಿಂತ ಹಗುರ ಐತೆ’ ಎಂದರು. ಅವರ ಕತೆ ಹೇಳಲು ಅವರ ಸಹಿ ಸಾಕು ಎಂದು ಅಲ್ಲಿದ್ದ ಎಲ್ಲರ ಲೆಕ್ಕ. ಆ ಕತೆಯೊಳಗೆ ಇನ್ನಿಬ್ಬರು ಹೆಂಗಸರಿದ್ದರು.

ನಿರೂಪಕಿ ಚುರುಕಿನ ಹುಡುಗಿ, ಕೆಟ್ಟವಳೇನಲ್ಲ. ‘ಸರ್, ಇಷ್ಟು ಜನರನ್ನ ನಗಿಸಿದ್ದೀರ, ನೀವು ಯಾವತ್ತಾದ್ರೂ ಅತ್ತಿದ್ದೀರಾ?’ ಎಂದು ಶುರು ಮಾಡಿದಳು. ಮಾಮ ಅಂದರು, ‘ದಿನಾ ಅಳ್ತೀನಿ ಕಣಮ್ಮಾ. ಮನ್ಯಾಗೆ ಈರುಳ್ಳಿ ಹೆಚ್ಚೋದು ನಂದೇ ಕೆಲಸ.’ ಕ್ಯಾಮೆರಾ ಹುಡುಗರೂ ನಕ್ಕರು. ಪ್ರಸಾರದಲ್ಲಿ ಈ ಉತ್ತರ ಇಲ್ಲ. ಪ್ರಶ್ನೆ ಮಾತ್ರ ಇದೆ. ಅದರ ಬೆನ್ನಿಗೆ, ಎರಡು ಗಂಟೆ ಆದ ಮೇಲೆ ತೆಗೆದ ಅವರ ಒದ್ದೆ ಕಣ್ಣು.

ಅಪ್ಪನ ಸಾವಿನ ಪ್ರಶ್ನೆಯೂ ಬಂತು. ಅವರು ಅದೇ ಉತ್ತರ ಕೊಟ್ಟರು, ಅದೂ ಹೋಯಿತು.

ಏಳನೇ ಪ್ರಶ್ನೆಗೆ ಮೊದಲು ಫ್ಲೋರಿನಲ್ಲಿದ್ದ ಹುಡುಗ ಕೈಯೆರಡನ್ನೂ ಅಗಲಿಸಿ ತೋರಿಸಿದ. ಇನ್ನಷ್ಟು ಎಳೆಯಿರಿ ಎಂಬ ಸನ್ನೆ. ಮಾಮನಿಗೆ ಇಂಥದ್ದು ಹೇಳಿಕೊಡಬೇಕೇ? ಹಳೆಯ ಕಂಪನಿ ಕತೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದರು. ಅಷ್ಟರಲ್ಲಿ ಅವರ ಬೆನ್ನ ಹಿಂದಿನ ದೊಡ್ಡ ಪರದೆಯ ಮೇಲೆ ಅಕ್ಕನ ಫೋಟೊ ಏರಿಸಿದರು. ಸದ್ದಿಲ್ಲದೆ. ನಿರೂಪಕಿ, ‘ಒಮ್ಮೆ ಹಿಂದೆ ನೋಡ್ತೀರಾ ಸರ್?’ ಎಂದಳು.

ಮಾಮ ತಿರುಗಿದರು. ಒಂಬತ್ತು ಸೆಕೆಂಡು ಮಾತಿಲ್ಲ. ನಾನು ಮಾನಿಟರಿನ ಪಕ್ಕ ನಿಂತಿದ್ದೆ. ನಲವತ್ತು ವರ್ಷ ರಸ್ತೆ ಪರದೆ ಮುಂದೆ ನಿಂತ ಮನುಷ್ಯ, ಹಿಂದೆ ಏನೋ ಕಟ್ಟುತ್ತಿದ್ದಾರೆ ಎಂಬ ಸುಳಿವು ಸಿಗದೆ ಸಿಕ್ಕಿಬಿದ್ದದ್ದು ಅದೊಂದೇ ಸಲ ಇರಬೇಕು. ಆಮೇಲೆ ಹೇಳಿದರು, ಎಲ್ಲವನ್ನೂ. ಕೊನೆಗೆ ಕ್ಯಾಮೆರಾ ನೋಡಿ, ‘ತಪ್ಪಾತು ಕಣೇ’ ಎಂದರು.

ಹನ್ನೆರಡನೇ ಪ್ರಶ್ನೆಗೂ ಸಮಯ ಸಿಕ್ಕಿತು. ಬಾಗಿಲಿನ ಕತೆಯನ್ನು ಮಾಮ ಎದ್ದು ನಿಂತು, ಅಕ್ಕನ ದನಿಯನ್ನೇ ಅನುಕರಿಸಿ ಮಾಡಿ ತೋರಿಸಿದರು. ಇಡೀ ಫ್ಲೋರು ಚಪ್ಪಾಳೆ ತಟ್ಟಿತು. ಒಟ್ಟು ಚಿತ್ರೀಕರಣ ಮೂರು ಗಂಟೆಗೆ ಸ್ವಲ್ಪ ಹೆಚ್ಚು. ಪ್ರಸಾರವಾದದ್ದು ಜಾಹೀರಾತು ಬಿಟ್ಟು 42 ನಿಮಿಷ. ಆ 42ರಲ್ಲಿ ಬಾಗಿಲಿನ ಕತೆ ಇರಲಿಲ್ಲ. ಎಡಿಟಿಂಗ್ ಹುಡುಗನನ್ನು ಕೇಳಿದಾಗ ಅವನು ಕೊಟ್ಟ ಉತ್ತರದಲ್ಲಿ ಕಪಟವಿರಲಿಲ್ಲ: ಅಳು ಆದ ಮೇಲೆ ನಗು ಬಂದರೆ ಅಳು ಕೆಡುತ್ತೆ ಸರ್.

ಎಡಿಟಿಂಗಿನ ದೃಷ್ಟಿಯಿಂದ ಅವನು ಹೇಳಿದ್ದು ಸರಿಯೇ. ಆದರೆ ಆ ಒಂದು ಕತ್ತರಿಯಿಂದ ಅಕ್ಕ ಬೇರೆಯೇ ಹೆಂಗಸಾದರು. ಪೂರ್ತಿ ಮಾತಿನಲ್ಲಿ ಅವರು ಅವಮಾನ ನುಂಗಿ, ಎಂಟು ದಿನ ಹೊಂಚು ಹಾಕಿ, ಗಂಡನನ್ನು ಅವನದೇ ಕಸುಬಿನಲ್ಲಿ ಮಣ್ಣುಮುಕ್ಕಿಸಿದ ಕಲಾವಿದೆ. ಪ್ರಸಾರದಲ್ಲಿ ಅವರು ಒಂದು ಫೋಟೊ. ಹಿಂದೆ ಕೊಳಲಿನ ದನಿ.

ಪ್ರಸಾರವಾದ ಮೇಲೆ

ವಾರ ಮೊದಲೇ ‘ನಗಿಸುವವನ ಕಣ್ಣೀರು’ ಎಂದು ಪ್ರೋಮೊ ಬಿಟ್ಟರು. ಅದರಲ್ಲಿ ಒಂಬತ್ತು ಸೆಕೆಂಡಿನ ಮೌನ, ಫೋಟೊ, ‘ತಪ್ಪಾತು ಕಣೇ’. ಏನು ತಪ್ಪು ಎಂಬುದನ್ನು ನೋಡುವವರ ಊಹೆಗೆ ಬಿಟ್ಟಿದ್ದರು. ಮಗಳು ಚಿತ್ರದುರ್ಗದಲ್ಲಿ ಹೈಸ್ಕೂಲ್ ಟೀಚರು. ಸ್ಟಾಫ್ ರೂಮಿನಲ್ಲಿ ಯಾರೋ ಫೋನ್ ಅವಳ ಮುಂದೆ ಹಿಡಿದು, ‘ಇವರು ನಿಮ್ಮಮ್ಮ ಅಲ್ವಾ ಮಿಸ್?’ ಎಂದರಂತೆ. ಅಮ್ಮ ಕಂಪನಿಯಲ್ಲಿದ್ದರೆಂಬುದು ಗಂಡನ ಮನೆಯವರಿಗೆ ಗೊತ್ತಿತ್ತು. ಈಗ ಅತ್ತೆ ಕೇಳತೊಡಗಿದರು, ಅಂಥದ್ದೇನು ಮಾತು, ಅದೇನು ಅಂದಿದ್ದು ನಿಮ್ಮಪ್ಪ?

ಭಾನುವಾರ ರಾತ್ರಿ ಮಾಮನ ಮನೆಯ ಪಡಸಾಲೆಯಲ್ಲಿ ಓಣಿಯ ಅರ್ಧ ಜನ. ನಾನೂ ಇದ್ದೆ. ಫೋಟೊ ಪರದೆಯ ಮೇಲೆ ಬಂದ ಕೂಡಲೇ ಅಕ್ಕ ಎದ್ದು ಒಳಗೆ ಹೋದರು. ಪಾತ್ರೆ ತಿಕ್ಕುವ ಸದ್ದು ಕೇಳಿತು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದರು. ಎಲ್ಲ ಎದ್ದು ಹೋದ ಮೇಲೆ ಸೀರೆಯ ಮರೆಯಿಂದಲೇ ಅಂದರು, ‘ತಪ್ಪಾತು ಅನ್ನೂದಿದ್ರ ಒಳಗ ಬಂದು ಅನಬೇಕಿತ್ತು. ಅಲ್ಲಿ ಅಂದದ್ದು ಊರಿಗೆ. ನನಗಲ್ಲ.’

ನನ್ನ ಕಡೆ ತಿರುಗಿ ಅವರು ಎತ್ತಿದ ತಕರಾರು ಇನ್ನೊಂದು: ‘ನಾ ಸುಮ್ನ ನಿಂತಿದ್ದೆ ಅನ್ನೂಹಂಗ ತೋರಿಸ್ಯಾರಲ್ಲ ಸರ. ನಾ ಸುಮ್ನ ನಿಂತಿರಲಿಲ್ಲ.’

ಲಾಭವೂ ಆಯಿತು, ಅದನ್ನು ಮುಚ್ಚಿಡಬಾರದು. ನಿವೃತ್ತ ಗುಮಾಸ್ತರೊಬ್ಬರು ಮನೆಗೇ ಬಂದು ಮಾಸಾಶನದ ಅರ್ಜಿ ತುಂಬಿಕೊಟ್ಟರು. ಸಂಕಷ್ಟದಲ್ಲಿರುವ ಕಲಾವಿದರಿಗೆ 58 ವರ್ಷದ ಮೇಲೆ ಸರ್ಕಾರದ ಮಾಸಾಶನ ಉಂಟು ಎಂದು ಮಾಮನಿಗೆ ಗೊತ್ತಿತ್ತು, ದಾಖಲೆ ಕೂಡಿಸಲು ಕೈಲಾಗಿರಲಿಲ್ಲ. ಸನ್ಮಾನಗಳು ಬಂದವು, ಶಾಲು ಹಾರಗಳ ಜತೆಗೆ ಒಂದೆರಡು ಕಡೆ ಲಕೋಟೆಯೂ.

ಆದರೆ ಸನ್ಮಾನಕ್ಕೆ ಕರೆದವರು ಮೈಕು ಕೊಟ್ಟು, ಆ ಕತೆ ಹೇಳಿ ಎನ್ನುತ್ತಿದ್ದರು. ಮಾಮ ಹೇಳಿದರು. ಮೊದಲ ಸಲ ತಡವರಿಸಿದರು. ಎರಡನೇ ಸಲ ಸರಾಗ. ಮೂರನೇ ಸಲ ಹರಿಹರದ ಕಾರ್ಯಕ್ರಮ ಮುಗಿಸಿ ಬಸ್ಸಿನಲ್ಲಿ ಬರುವಾಗ ನನಗೆ ಅಂದರು, ‘ಸಾರ್, ಇವತ್ತು ಫೋಟೊ ಅನ್ನೋ ಮಾತಿನ ಹತ್ರ ನಿಲ್ಲಿಸಿದೆ ನೋಡ್ರಿ, ಜನ ಪಿಟ್ ಅನ್ನಲಿಲ್ಲ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಿಬಿಟ್ಟೈತೆ. ಹೆದರಿಕೆ ಆತು.’ ನಾಲ್ಕನೇ ಕಡೆ ಹೋಗಲಿಲ್ಲ, ಹೊಟ್ಟೆನೋವು ಅಂದರು. ತಪ್ಪೊಪ್ಪಿಗೆಯೂ ಒಂದು ಐಟಮ್ಮಾಗುತ್ತಿರುವುದು ನನಗಿಂತ, ವಾಹಿನಿಗಿಂತ ಮೊದಲು ಗೊತ್ತಾದದ್ದು ಆ ಕಸುಬಿನವರಿಗೇ. ಅಕ್ಕ ಮತ್ತೆ ಮಾತಾಡಿದ್ದು ಆ ಹೊಟ್ಟೆನೋವಿನ ದಿನವೇ. ಓಮದ ನೀರು ಕೊಟ್ಟರಂತೆ.

ಕಾನೂನಿನ ಮಾತು

ಕಾನೂನಿನಲ್ಲಿ ದಾರಿ ಇದೆಯೇ ಎಂದು ಮಗಳು ಕೇಳಿದಳು. ಇದೆ. ಸುಪ್ರೀಂ ಕೋರ್ಟಿನ 1994ರ ಆರ್. ರಾಜಗೋಪಾಲ್ ತೀರ್ಪು ಈ ವಿಷಯದಲ್ಲಿ ಮೊದಲು ಓದಬೇಕಾದದ್ದು, ಮತ್ತು ಅದೂ ಒಂದು ಬದುಕಿನ ಕತೆಯ ಜಗಳವೇ. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ಬರೆದ ಆತ್ಮಕತೆಯನ್ನು ತಮಿಳು ಪತ್ರಿಕೆ ನಕ್ಕೀರನ್ ಪ್ರಕಟಿಸಬಹುದೇ ಎಂಬುದು ಪ್ರಶ್ನೆ. ಸಾರ್ವಜನಿಕ ದಾಖಲೆಯಲ್ಲಿ ಇರುವಷ್ಟನ್ನು ಒಪ್ಪಿಗೆಯಿಲ್ಲದೆಯೂ ಪ್ರಕಟಿಸಬಹುದು ಎಂದ ನ್ಯಾಯಾಲಯ, ಒಬ್ಬರ ಕುಟುಂಬ, ಮದುವೆ, ತಾಯ್ತನದಂಥ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ, ಅದು ನಿಜವಾಗಿರಲಿ ಸುಳ್ಳಾಗಿರಲಿ ಎಂದಿತು. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಗಟ್ಟಿ ಮಾಡಿತು. ಗಂಡನ ನೆನಪು ಗಂಡನದೇ, ಹೇಳಬಹುದು. ಆದರೆ ಅದೇ ನೆನಪು ಹೆಂಡತಿಯ ಮದುವೆಯ ವಿಷಯವೂ ಹೌದು. ಒಬ್ಬರ ಸಹಿಯಲ್ಲಿ ಇಬ್ಬರ ಒಪ್ಪಿಗೆ ಬರುವುದಿಲ್ಲ ಎಂದು ವಾದಿಸಲು ಜಾಗವಿದೆ.

ಟಿವಿ ವಿಷಯಕ್ಕೆ ಇನ್ನೂ ಹತ್ತಿರದ ದಾರಿ 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳು. ದೂರು ಮೊದಲು ವಾಹಿನಿಗೇ ಕೊಡಬೇಕು. 24 ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಸಮಾಧಾನವಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಮಗಳು ದೂರು ಬರೆದಳು, ನಾನು ಭಾಷೆ ತಿದ್ದಿದೆ. ನಾನೇ ಬರೆದ ಏಳನೇ ಪ್ರಶ್ನೆಯ ವಿರುದ್ಧದ ದೂರು ಅದು. ವಾಹಿನಿ ಅವಧಿಯೊಳಗೇ ಉತ್ತರಿಸಿತು: ಅತಿಥಿ ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ, ಆದರೂ ಕುಟುಂಬದ ಭಾವನೆಗೆ ಗೌರವ ಕೊಟ್ಟು ಪ್ರೋಮೊ ತೆಗೆಯುತ್ತೇವೆ. ತೆಗೆದರು. ಅಷ್ಟರಲ್ಲಿ ಅದನ್ನು ಇಳಿಸಿಕೊಂಡು ತಮ್ಮ ಪುಟಗಳಲ್ಲಿ ಏರಿಸಿದವರು ಎಷ್ಟೋ ಜನ. ಬಾಗಿಲಿನ ಕತೆಯನ್ನು ಸೇರಿಸಿ ಮರುಪ್ರಸಾರ ಮಾಡಿ ಎಂದು ಅಕ್ಕನ ಹೆಸರಿನಲ್ಲಿ ಇನ್ನೊಂದು ಕೋರಿಕೆ ಇತ್ತು. ಅದಕ್ಕೆ ಉತ್ತರದಲ್ಲಿ ಒಂದು ಸಾಲೂ ಇರಲಿಲ್ಲ. ಮೇಲ್ಮನವಿಗೆ ಹೋಗೋಣ ಎಂದರೆ ಮಗಳು ಬೇಡ ಎಂದಳು. ಮತ್ತೆ ಅದನ್ನೇ ನಾಲ್ಕು ಜನರ ಮುಂದೆ ಹರಡಬೇಕಲ್ಲ ಸರ್, ಎಂದಳು.

41ನೇ ನಿಮಿಷ

ಒಂದೂವರೆ ವರ್ಷದ ಮೇಲೆ ತರಗತಿಗೆಂದು ಆ 73 ನಿಮಿಷದ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ಕೂತೆ. ವಿದ್ಯಾರ್ಥಿನಿಯೊಬ್ಬಳು ಹೆಡ್‌ಫೋನ್ ಹಾಕಿಕೊಂಡು ಸಹಾಯ ಮಾಡುತ್ತಿದ್ದಳು. 41ನೇ ನಿಮಿಷದಲ್ಲಿ, ಬನಶಂಕರಿ ರಾತ್ರಿಯ ಕತೆ ಮುಗಿಯುವ ಹೊತ್ತಿಗೆ, ಅವಳು ನಿಲ್ಲಿಸಿ, ‘ಸರ್, ಇಲ್ಲಿ ಇನ್ನೊಂದು ದನಿ ಇದೆ’ ಎಂದಳು. ನಾನು ಎರಡು ಸಲ ಕೇಳಿದೆ, ಬರೀ ಎಣ್ಣೆಯ ಚಟಪಟ. ಮೂರನೇ ಸಲ ಸಿಕ್ಕಿತು. ಸೀರೆಯ ಆಚೆಯಿಂದ, ಬಾಣಲೆಗೆ ಬಜ್ಜಿ ಬಿಟ್ಟ ಸದ್ದಿನ ನಡುವೆ:

‘ಅದನ್ನ ಹಾಕಬ್ಯಾಡ್ರಿ, ಸರ.’

ಅದರ ಬೆನ್ನಿಗೇ ನನ್ನ ದನಿ ಇದೆ. ಮಾಮನಿಗೆ ಹೇಳುತ್ತಿದ್ದೇನೆ: ‘ಇದು ಚೆನ್ನಾಗಿದೆ ಮಾಮ, ಇದನ್ನ ಸ್ಟುಡಿಯೋದಲ್ಲೂ ಹೀಗೇ ಹೇಳಿ.’

ಆಗ ನನಗೆ ಕೇಳಿಸಲಿಲ್ಲ ಎಂದೇ ನಂಬಿದ್ದೇನೆ. ರೆಕಾರ್ಡಿಂಗಿನಲ್ಲಿ ಅವರ ಮಾತಿಗೂ ನನ್ನ ಮಾತಿಗೂ ನಡುವೆ ಒಂದು ಸಣ್ಣ ತಡೆ ಇದೆ. ಅದು ಏನು ಎಂದು ತರಗತಿಯಲ್ಲಿ ಹುಡುಗರು ಕೇಳುತ್ತಾರೆ.

ಫೋನ್ ತೆಗೆದುಕೊಂಡು ಮನೆಗೆ ಹೋದೆ. ಮಾಮ ಮಾಸಾಶನದ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದರು. ಪಡಸಾಲೆಯಲ್ಲಿ ಮಗಳ ಮಗು ಮಲಗಿತ್ತು, ಅಂದರೆ ಮಗಳು ಬಂದಿದ್ದಾಳೆ. ಅಕ್ಕನಿಗೆ ಹೇಳಿ, 41ನೇ ನಿಮಿಷಕ್ಕೆ ತಂದು ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಇನ್ನೊಮ್ಮೆ ಹಾಕಿ ಎಂದು ಕೈ ಮಾಡಿದರು. ಕೇಳಿ ಫೋನ್ ವಾಪಸ್ಸು ಕೊಟ್ಟರು.

‘ಎಷ್ಟು ಮೆತ್ತಗ ಅಂದೇನಲ್ರೀ. ಕಂಪನ್ಯಾಗ ಹಿಂಗ ಅಂದಿದ್ರ ಮಾಲಕರು ಬೈತಿದ್ರು, ಹಿಂದಿನ ಬೆಂಚಿಗೆ ಕೇಳಬೇಕು ಅಂತ.’

ಮಗು ಎದ್ದಿತು. ಅವರು ಒಳಗೆ ಹೋದರು.